ಸ್ಲಡ್ಜ್ ಅಂದ್ರೇನು? ಜಿಮ್ ಬಿಡೋಕೆ ಹೋದವ್ರಿಗೆ ಗೊತ್ತಿರತ್ತೆ

ಸ್ಲಡ್ಜ್ ಅಂದ್ರೆ ಮಾಮೂಲಿ ಅರ್ಥದಲ್ಲಿ ರಾಡಿ, ಚರಂಡಿ ತಳದಲ್ಲಿ ಕೂತಿರೋ ಗಟ್ಟಿ ಕೆಸರು. ನಾವು ನಮಗೆ ಒಳ್ಳೇದಾಗೋ ಕೆಲಸ ಮಾಡೋಕೆ ಹೊರಟಾಗ ದಾರೀಲಿ ಅಡ್ಡ ಬರೋ ಫಾರ್ಮು, ಕಾಯೋದು, ಅಲೆದಾಟ, ಇದಕ್ಕೂ ಈಗ ಅದೇ ಪದ. 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮರುವರ್ಷ ಸೈನ್ಸ್ ಪತ್ರಿಕೇಲಿ ಇದರ ಬಗ್ಗೆನೇ ಒಂದು ಪುಟ್ಟ ಲೇಖನ ಬರೆದ್ರು. ನಜ್ ಅಂದ್ರೆ ಮೆಲ್ಲಗೆ ತಟ್ಟಿ ಒಳ್ಳೇ ಕಡೆಗೆ ಕಳ್ಸೋದು, ಸ್ಲಡ್ಜ್ ಅದರ ಉಲ್ಟಾ.

ಜಿಮ್ಮೇ ನೋಡಿ. ಸೇರೋವಾಗ ಐದು ನಿಮಿಷ ಸಾಕು, ಫೋನಲ್ಲೇ ಮುಗಿಯತ್ತೆ, ತಿಂಗಳು ತಿಂಗಳು ದುಡ್ಡು ತಾನಾಗೇ ಕಟ್ ಆಗತ್ತೆ. ಬಿಡ್ತೀನಿ ಅಂದಾಗ ಆಪಲ್ಲಿ ಅದಕ್ಕೆ ಬಟನ್ನೇ ಇರಲ್ಲ, ಫೋನ್ ಮಾಡಿದ್ರೆ "ಇಲ್ಲಿಗೇ ಬರ್ಬೇಕು", ಹೋದ್ರೆ "ಮ್ಯಾನೇಜರ್ ಇಲ್ಲ, ಸೋಮವಾರ ಬನ್ನಿ", ಸೋಮವಾರ ಹೋದ್ರೆ ಲೆಟರ್ ಬರ್ಕೊಡಿ ಅಂತಾರೆ, ಬರ್ಕೊಟ್ರೆ 30 ದಿನ ನೋಟಿಸ್ ಪೀರಿಯಡ್ಡು, ಅಷ್ಟ್ರಲ್ಲಿ ಇನ್ನೊಂದು ತಿಂಗಳ ದುಡ್ಡು ಹೋಗಿರತ್ತೆ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದ್ರೆ ಜಗಳ ಆಡೋವಷ್ಟು ದೊಡ್ಡದಲ್ಲ, ಲೆಟರ್ ಕೇಳೋದ್ರಲ್ಲಿ ಏನ್ ತಪ್ಪು ಅನ್ಸತ್ತೆ. ಎಲ್ಲಾ ಸೇರಿದಾಗಲೇ ಕಾಲು ಹೂತ್ಕೊಳ್ಳೋದು.

ಕೆಸರು ಜಾಸ್ತಿ ಬೇಕಾಗೂ ಇಲ್ಲ. ಸ್ಟೆಫಾನೋ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ ಲೆಕ್ಕ ತೆಗೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳ ಮೆಂಬರ್‌ಶಿಪ್ ಇದ್ದವ್ರು ಕೊನೇ ಸಲ ಜಿಮ್ಮಿಗೆ ಹೋದ ಮೇಲೆ ಕ್ಯಾನ್ಸಲ್ ಮಾಡೋಕೆ ಸರಾಸರಿ 2.3 ತಿಂಗಳು ತಗೊಂಡಿದ್ರು, ಅಷ್ಟೂ ದಿನ ಹೋಗದೇನೇ ದುಡ್ಡು ಕಟ್ಟಿದ್ರು. ಮುಂದಿನ ವಾರದಿಂದ ಹೋಗ್ತೀನಿ ಅನ್ನೋ ಆಸೆ ಒಂದ್ಕಡೆ, ಹೋಗ್ಲಿಲ್ವಲ್ಲ ಅನ್ನೋ ನಾಚಿಕೆ ಇನ್ನೊಂದ್ಕಡೆ. ಆ ನಾಚಿಕೆಗೇ ಎಷ್ಟೋ ಜನ ತಪ್ಪು ನಂದೇ ಅಂದ್ಕೊಂಡು ಸುಮ್ನಾಗ್ತಾರೆ, ಇದು ನಂಗೆ ತುಂಬಾ ಬೇಜಾರಾಗೋ ವಿಷ್ಯ, ಯಾಕಂದ್ರೆ ಜಿಮ್ಮಿಗೆ ಹೋಗದೇ ಇರೋದು ಬೇರೆ, ಬಿಡೋಕೆ ದಾರಿ ಕೊಡದೇ ಇರೋದು ಬೇರೆ.

ಹಾಗಂತ ಎಲ್ಲಾ ಅಡ್ಡಿನೂ ಸ್ಲಡ್ಜ್ ಅಲ್ಲ. ಫೋಟೋ ಅಳಿಸೋ ಮುಂಚೆ "ನಿಜವಾಗ್ಲೂ ಅಳಿಸ್ಬೇಕಾ" ಅಂತ ಒಂದ್ಸಲ ಕೇಳೋದು ನಮ್ಮ ಒಳ್ಳೇದಕ್ಕೇ. ಡೌಟ್ ಬಂದ್ರೆ ಸೇರೋಕೆ ಎಷ್ಟು ಹೆಜ್ಜೆ, ಬಿಡೋಕೆ ಎಷ್ಟು ಹೆಜ್ಜೆ ಅಂತ ಎಣಿಸಿ ನೋಡಿ.

ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್, ಅಂದ್ರೆ ಚಂದಾದಾರರಾದ ಮೇಲೆ ಬಿಡೋಕೆ ಕಷ್ಟ ಮಾಡೋದು, ಇದರ ಹತ್ತಿರದ ಪದ. ಆನ್‌ಲೈನಲ್ಲಿ ಗ್ರಾಹಕರನ್ನ ದಾರಿ ತಪ್ಪಿಸೋ ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತಾರೆ, ಭಾರತದಲ್ಲಿ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೆಸರಿಸಿರೋ 13 ತಂತ್ರಗಳಲ್ಲಿ ಅದೂ ಒಂದು. ಜರ್ಮನಿಲಿ 2022ರ ಜುಲೈಯಿಂದ, ಆನ್‌ಲೈನಲ್ಲಿ ಸೇರಿಸ್ಕೊಳ್ಳೋ ಜಿಮ್ಮು ಅದೇ ವೆಬ್‌ಸೈಟಲ್ಲಿ ಬಿಡೋ ಬಟನ್ನೂ ಇಡ್ಲೇಬೇಕು. ಅಮೆರಿಕದಲ್ಲಿ 2024ರಲ್ಲಿ, ಸೇರೋದು ಎಷ್ಟು ಸುಲಭಾನೋ ಬಿಡೋದೂ ಅಷ್ಟೇ ಸುಲಭ ಇರ್ಬೇಕು ಅಂತ ನಿಯಮ ತಂದ್ರು, 2025ರ ಜುಲೈನಲ್ಲಿ ಕೋರ್ಟು ಅದನ್ನ ರದ್ದು ಮಾಡ್ತು.