ಸ್ವಾಗತ ಹಾಲ್‌ನ ಬಾಗಿಲಿಗೂ ಮೊದಲು

ಮುಂಬಯಿಯ ಕನ್ನಡಿಗರ ಮದುವೆ, ಉಪನಯನ, ಸಂಘಗಳ ವಾರ್ಷಿಕೋತ್ಸವಗಳ ವ್ಯವಸ್ಥೆಯನ್ನು ವೃತ್ತಿಯಾಗಿ ನೋಡಿಕೊಳ್ಳುವ ನನ್ನಲ್ಲಿಗೆ ಬರುವ ಯಜಮಾನರು ಮೊದಲ ಭೇಟಿಯಲ್ಲಿ ವಿಚಾರಿಸುವುದು ಊಟದ ಪಟ್ಟಿ, ಮಂಟಪದ ಹೂವು ಮತ್ತು ಫೋಟೋದವರ ಬಗ್ಗೆ. ಕರೆದವರು ಎಲ್ಲಿಂದ, ಲೋಕಲ್ ರೈಲಿನ ಯಾವ ಲೈನಿನಲ್ಲಿ ಬರುತ್ತಾರೆಂದು ನಾನು ತಿರುಗಿ ಕೇಳಿದರೆ ಹೆಚ್ಚಿನವರಿಗೆ ಅದು ಅಪ್ರಸ್ತುತವೆನಿಸುತ್ತದೆ. ಆದರೆ ಈ ಮಹಾನಗರದಲ್ಲಿ ಸತ್ಕಾರ ಕೆಡುವುದು ಸಾಮಾನ್ಯವಾಗಿ ಅಲ್ಲಿಯೇ. ದೂರದ ವಿರಾರಿನಿಂದಲೋ ಕಲ್ಯಾಣದಿಂದಲೋ ರೇಷ್ಮೆ ಸೀರೆಯುಟ್ಟು, ಮಗುವನ್ನೆತ್ತಿಕೊಂಡು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ಬಂದವರಿಗೆ ನಾವು ಬಾಗಿಲಲ್ಲಿ ಎಷ್ಟು ಪನ್ನೀರು ಚಿಮುಕಿಸಿದರೂ, ಅವರ ಆ ಪ್ರಯಾಣದ ಅರಿವು ನಮಗಿಲ್ಲವೆಂದಾದರೆ ಅದು ಬರಿಯ ಶಾಸ್ತ್ರವಾಗಿ ಉಳಿಯುತ್ತದೆ.

ಮಾಟುಂಗವನ್ನೇ ತೆಗೆದುಕೊಳ್ಳಿ. 1926ರಲ್ಲಿ ಸ್ಥಾಪನೆಯಾದ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ ಇರುವುದು ಪೂರ್ವದ ಭಾವುದಾಜಿ ರಸ್ತೆಯಲ್ಲಿ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಇರುವುದು ಹಳಿಗಳ ಆಚೆ, ಪಶ್ಚಿಮದಲ್ಲಿ. ಮೊದಲನೆಯದಕ್ಕೆ ಸೆಂಟ್ರಲ್ ಲೈನಿನ ಮಾಟುಂಗ ಅಥವಾ ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್ ಹತ್ತಿರವಾದರೆ ಎರಡನೆಯದಕ್ಕೆ ವೆಸ್ಟರ್ನ್ ಲೈನಿನ ಮಾಟುಂಗ ರೋಡ್ ಹತ್ತಿರ. ಆಮಂತ್ರಣ ಪತ್ರಿಕೆಯಲ್ಲಿ ‘ಮಾಟುಂಗ, ಮುಂಬಯಿ’ ಎಂದಷ್ಟೇ ಅಚ್ಚಾಗಿದ್ದರೆ ಹೊಸಬರು ತಪ್ಪು ನಿಲ್ದಾಣದಲ್ಲಿ ಇಳಿದು ಸುತ್ತುವುದು ಖಂಡಿತ. ಆದ್ದರಿಂದ ಯಾವ ಲೈನ್, ಯಾವ ಸ್ಟೇಷನ್, ಈಸ್ಟೋ ವೆಸ್ಟೋ, ಇಳಿದ ಮೇಲೆ ನಡೆದು ಬರಬಹುದೇ ಎಂಬುದನ್ನು ಮುಹೂರ್ತದಷ್ಟೇ ಸ್ಪಷ್ಟವಾಗಿ ಮುದ್ರಿಸಬೇಕು. ಫಾಸ್ಟ್ ಗಾಡಿಗಳು ಮಾಟುಂಗದಲ್ಲಿ ನಿಲ್ಲುವುದಿಲ್ಲ. ಪನ್ವೇಲ್ ಕಡೆಯಿಂದ ಕಿಂಗ್ಸ್ ಸರ್ಕಲ್‌ಗೆ ಬರುವವರು ಸಾಮಾನ್ಯವಾಗಿ ವಡಾಲಾದಲ್ಲಿ ಗಾಡಿ ಬದಲಿಸಬೇಕು. ಬಾಂದ್ರಾ ಮತ್ತು ಸಯಾನ್‌ನಿಂದ ದಕ್ಷಿಣಕ್ಕೆ, ಅಂದರೆ ಮಾಟುಂಗದಲ್ಲಿಯೂ, ಆಟೋರಿಕ್ಷಾ ಓಡುವುದಿಲ್ಲವಾದ್ದರಿಂದ ಉಪನಗರದವರು ಸ್ಟೇಷನ್ನಿನ ಹೊರಗೆ ನಿಂತು ರಿಕ್ಷಾಕ್ಕೆ ಕಾಯುವುದು ವ್ಯರ್ಥ. ಇಷ್ಟು ವಿವರವನ್ನು ಆಮಂತ್ರಣದೊಂದಿಗೆ ವಾಟ್ಸಾಪಿನಲ್ಲಿ ನಾಲ್ಕು ಸಾಲಾಗಿ ಕಳುಹಿಸಲು ಖರ್ಚೇನೂ ಇಲ್ಲ.

ಭಾನುವಾರದ ಸಮಾರಂಭವೆಂದರೆ ಮೆಗಾಬ್ಲಾಕಿನ ಚಿಂತೆ ಬೇರೆ. ಹಳಿಗಳ ದುರಸ್ತಿಗಾಗಿ ಮಧ್ಯ ರೈಲ್ವೆಯವರು ಸಾಮಾನ್ಯವಾಗಿ ಬೆಳಿಗ್ಗೆ ಸುಮಾರು 11ರಿಂದ ಸಂಜೆ 4ರ ನಡುವೆ ಗಾಡಿಗಳನ್ನು ಬೇರೆ ಹಳಿಗೆ ತಿರುಗಿಸುತ್ತಾರೆ ಅಥವಾ ರದ್ದು ಮಾಡುತ್ತಾರೆ. ಅದು ನಮ್ಮ ಮುಹೂರ್ತಕ್ಕೂ ಊಟಕ್ಕೂ ನೇರವಾಗಿ ತಾಗುವ ಹೊತ್ತು. ಪ್ರಕಟಣೆ ಮೊದಲೇ ಬರುವುದರಿಂದ ಅದನ್ನು ನೋಡಿ ಅತಿಥಿಗಳಿಗೆ ತಿಳಿಸುವ ಹೊಣೆಯನ್ನು ಮನೆಯ ಯುವಕರೊಬ್ಬರಿಗೆ ವಹಿಸಬೇಕು. ಅಡುಗೆ ಭಟ್ಟರಿಗೂ ಕೊನೆಯ ಪಂಕ್ತಿ ತಡವಾಗಬಹುದೆಂದು ಹೇಳಿಟ್ಟಿರಬೇಕು. ತಡವಾಗಿ ಬಂದವರ ಎಲೆಗೆ ಪಾಯಸ ಮುಗಿದ ಸುದ್ದಿಯನ್ನು ಬಡಿಸುವ ಯಜಮಾನರನ್ನು ನಾನು ಕಂಡಿದ್ದೇನೆ. ಅಂಥವರ ಮಂಟಪದ ಹೂವಿನ ಲೆಕ್ಕ ಮಾತ್ರ ಯಾವಾಗಲೂ ಧಾರಾಳವಾಗಿರುತ್ತದೆ.

ಇನ್ನು ಬಾಗಿಲಿನ ಮಾತು. ಕರಾವಳಿಯ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವ ರೂಢಿಯಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಮೊದಲು ಬರುವುದು ತಂಬಿಗೆ ನೀರು. ಬಿಸಿಲಿನಲ್ಲಿ ನಡೆದು ಬಂದವರಿಗೆ ಇದಕ್ಕಿಂತ ಯುಕ್ತವಾದ ಉಪಚಾರವನ್ನು ನಾನರಿಯೆ. ಆದರೆ ನಮ್ಮ ಹಾಲ್‌ಗಳಲ್ಲಿ ನೀರಿನ ಡ್ರಮ್ಮು ಊಟದ ಕೋಣೆಯ ಮೂಲೆಯಲ್ಲಿ ಅಡಗಿರುತ್ತದೆ, ಬಾಗಿಲಲ್ಲಿ ಮಾತ್ರ ಒಂದೇ ಬಣ್ಣದ ಲಂಗ ತೊಟ್ಟ ಹುಡುಗಿಯರು ಪನ್ನೀರುದಾನಿ ಹಿಡಿದು ನಿಂತಿರುತ್ತಾರೆ. ಹುಡುಗಿಯರು ನಿಲ್ಲಲಿ, ಚೆಂದವೇ. ಅವರ ಪಕ್ಕದಲ್ಲಿ ಎರಡೂ ಕಡೆಯ ಬಳಗವನ್ನು ಬಲ್ಲ ಹಿರಿಯರೊಬ್ಬರು, ಬೇರೆ ಯಾವ ಕೆಲಸವೂ ಇಲ್ಲದವರು, ಇರಲೇಬೇಕು. ‘ಬನ್ನಿ ಅಕ್ಕ, ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತೇ? ಮೊದಲು ನೀರು ಕುಡಿಯಿರಿ’ ಎಂದು ಕೇಳುವ ಚಿಕ್ಕಮ್ಮನೋ ಸೋದರಮಾವನೋ ಮಾಡುವ ಕೆಲಸವನ್ನು ಸಂಬಳಕ್ಕೆ ಬಂದ ನಮ್ಮವರು ಮಾಡಲಾರರು. ಇದನ್ನು ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇನೆ. ಮಳೆಗಾಲವಾದರೆ ಅಲ್ಲಿಯೇ ಒಂದು ಬಕೆಟ್ ಕೊಡೆಗಳಿಗೆ, ಒಂದಿಷ್ಟು ಒಣ ಟವೆಲು.

ಒಳಗೆ ಬಂದವರಲ್ಲಿ ನಾನು ವಿಶೇಷವಾಗಿ ಗಮನಿಸುವುದು ಯಾರ ಪರಿಚಯವೂ ಇಲ್ಲದವರನ್ನು. ವರನ ಆಫೀಸಿನ ಸಹೋದ್ಯೋಗಿ, ಕಟ್ಟಡದ ಮರಾಠಿ ನೆರೆಯವರು, ಮಗಳ ಗುಜರಾತಿ ಗೆಳತಿ. ಇವರು ಹಿಂದಿನ ಸಾಲಿನಲ್ಲಿ ಕುಳಿತು, ಉಡುಗೊರೆಯ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು, ಯಾವಾಗ ಏಳಬೇಕೆಂದು ತಿಳಿಯದೆ ಸುತ್ತ ನೋಡುತ್ತಿರುತ್ತಾರೆ. ಬಳಗದವರು ತಮ್ಮತಮ್ಮಲ್ಲಿ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಮಾತನಾಡುತ್ತ ನಗುತ್ತಿದ್ದಷ್ಟೂ ಇವರು ಇನ್ನಷ್ಟು ಹೊರಗಿನವರಾಗುತ್ತಾರೆ. ಇಂಥವರ ಪಟ್ಟಿಯೊಂದನ್ನು ಮೊದಲೇ ಮಾಡಿ, ಹಿಂದಿ-ಮರಾಠಿ ಸಲೀಸಾಗಿ ಬರುವ ಇಬ್ಬರಿಗೆ ಕೊಡುವಂತೆ ನಾನು ಒತ್ತಾಯಿಸುತ್ತೇನೆ. ಅವರು ಪಕ್ಕದಲ್ಲಿ ಕುಳಿತು ಈಗ ಧಾರೆ ನಡೆಯುತ್ತಿದೆ, ಆಮೇಲೆ ಅಕ್ಷತೆ ಹಾಕಬೇಕು ಎಂದು ವಿವರಿಸಿದರೆ ಸಾಕು, ಆ ಮುಖಗಳು ತಿಳಿಯಾಗುತ್ತವೆ. ಎಲೆ ಊಟದ ಪಂಕ್ತಿಗೂ ಅವರೇ ಕರೆದೊಯ್ದು ಜೊತೆಗೆ ಕೂರಬೇಕು. ಎಲೆಯ ಮುಂದೆ ಒಬ್ಬರೇ ಕುಳಿತವರು ಸಾರಿಗೆ ಮೊದಲು ಕೈ ಹಾಕಬೇಕೋ ಬೇಡವೋ ಎಂದು ಅಕ್ಕಪಕ್ಕ ನೋಡುವಂತಾಗಬಾರದು. ನೆರೆಯವರು ಜೈನರಾಗಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳಿಲ್ಲದ ಪದಾರ್ಥಗಳು ಯಾವುವೆಂದು ಬಡಿಸುವವರಿಗೂ ತಿಳಿದಿರಬೇಕು, ಅಡುಗೆಯವರಿಗೆ ಮಾತ್ರವಲ್ಲ.

ಸಂಜೆಯ ರಿಸೆಪ್ಷನ್‌ಗಳಲ್ಲಿ ವಧೂವರರನ್ನು ಹರಸಲು ನಿಂತ ಸಾಲು ಮುಂದೆ ಸರಿಯುವುದೇ ಇಲ್ಲ, ಏಕೆಂದರೆ ಪ್ರತಿ ಕುಟುಂಬದ ಫೋಟೋ ಹಲವು ಭಂಗಿಗಳಲ್ಲಿ ಆಗಬೇಕು. ವೃದ್ಧರಿಗೂ ಮಗುವಿರುವವರಿಗೂ ವೇದಿಕೆಯ ಪಕ್ಕದ ಮೆಟ್ಟಿಲಿನಿಂದ ಮೊದಲು ದಾರಿ ಮಾಡಿಕೊಡಬೇಕೆಂಬುದು ನನ್ನ ಕಟ್ಟುನಿಟ್ಟು. ದೂರದವರಿಗೆ ‘ಊಟ ಮೊದಲು ಮಾಡಿಬಿಡಿ’ ಎಂದು ಯಜಮಾನರೇ ಹೇಳಬೇಕು. ಅವರ ಬಾಯಿಂದ ಬರದಿದ್ದರೆ ಸಂಕೋಚದಿಂದ ಯಾರೂ ಏಳುವುದಿಲ್ಲ, ರಾತ್ರಿ ಹತ್ತು ದಾಟಿದ ಮೇಲೆ ಅಂಬರನಾಥಕ್ಕೋ ವಸಾಯಿಗೋ ಹೋಗುವವರ ಕಣ್ಣು ಗಡಿಯಾರದಿಂದ ಕದಲುವುದಿಲ್ಲ. ತಾಂಬೂಲದ ಚೀಲಗಳನ್ನು ವೇದಿಕೆಯ ಬಳಿ ಇಡದೆ ಊಟದ ಕೋಣೆಯಿಂದ ಹೊರಬರುವ ದಾರಿಯಲ್ಲಿಯೇ ಇರಿಸಿ, ಅಲ್ಲಿ ಮನೆಯವರೊಬ್ಬರನ್ನು ನಿಲ್ಲಿಸಿದರೆ ಹೋಗುವವರು ಯಜಮಾನರನ್ನು ಹುಡುಕುತ್ತ ಮತ್ತೊಮ್ಮೆ ಮೆಟ್ಟಿಲು ಹತ್ತಬೇಕಾಗುವುದಿಲ್ಲ. ಆ ನಿಂತವರೇ ಮುಂದಿನ ಗಾಡಿ ಎಷ್ಟು ಗಂಟೆಗೆಂದು ಮೊಬೈಲಿನಲ್ಲಿ ನೋಡಿ ಹೇಳಬಹುದು, ನಡೆಯಲಾಗದವರಿಗೆ ಸ್ಟೇಷನ್ನಿನವರೆಗೆ ಟ್ಯಾಕ್ಸಿ ತರಿಸಬಹುದು.