ಹೊಸ ಫ್ಲ್ಯಾಟಿನಲ್ಲಿ ಕಮೋಡ್ ಜಾಗ ಬದಲಾಯಿಸಬಹುದಾ?

ಓದುಗರ ಪ್ರಶ್ನೆ: ಪುಣೆಯ ವಾಘೋಲಿಯಲ್ಲಿ 2 ಬಿಎಚ್‌ಕೆ ತಗೊಂಡಿದ್ದೇವೆ. ಬಾತ್‌ರೂಮಿಗೆ ಇನ್ನೂ ಟೈಲ್ಸ್ ಬಿದ್ದಿಲ್ಲ. 5 ಅಡಿ ಅಗಲ, 8 ಅಡಿ ಉದ್ದ ಇದೆ. ಬಾಗಿಲು ತೆಗೆದರೆ ಎದುರು ಗೋಡೆಗೆ ಕಮೋಡ್, ಬೆಡ್‌ರೂಮಿನಿಂದಲೇ ಕಾಣುತ್ತೆ. ಅದನ್ನು ಬಾಗಿಲ ಪಕ್ಕದ ಮೂಲೆಗೆ ತರಬೇಕು ಅಂತಿದ್ದೇವೆ. ಪ್ಲಂಬರ್ ಆರಾಮಾಗಿ ಆಗುತ್ತೆ ಅಂತಾರೆ, ಸೈಟ್ ಇಂಜಿನಿಯರ್ ಆಗೋದೇ ಇಲ್ಲ ಅಂತಾರೆ. ಯಾರ ಮಾತು ಕೇಳೋಣ?

ಇಬ್ಬರ ಮಾತನ್ನೂ ಸ್ವಲ್ಪ ಬದಿಗಿಡಿ. ಒಂದು ಟೇಪ್ ಹಿಡಿದು ಸೈಟಿಗೆ ಹೋಗಿ. ನಿಮ್ಮ ಉತ್ತರ ಇರೋದು ಎರಡು ಕಡೆ: ಡಕ್ಟ್ ಎಲ್ಲಿದೆ, ಬಾತ್‌ರೂಮಿನ ಕಾಂಕ್ರೀಟ್ ಸ್ಲ್ಯಾಬ್ ಮುಗಿದ ನೆಲಕ್ಕಿಂತ ಎಷ್ಟು ಕೆಳಗಿದೆ.

ಡಕ್ಟ್ ಅಂದರೆ ಮೇಲಿನ ಮಹಡಿಯಿಂದ ಕೆಳಗಿನವರೆಗೆ ಪೈಪುಗಳು ಇಳಿಯುವ ಸಂದು. ನಿಮ್ಮ ಕಮೋಡ್ ಈಗಿರುವ ಗೋಡೆಯ ಹಿಂದೆಯೇ ಅದು ಇರುತ್ತೆ. ಬಿಲ್ಡರ್ ಕಮೋಡನ್ನು ಅಲ್ಲಿಟ್ಟಿದ್ದು ಅದಕ್ಕೇ. ಷವರ್, ಬೇಸಿನ್, ಗೀಸರ್ ಎಲ್ಲಿ ಬೇಕಾದರೂ ಹೋಗುತ್ತವೆ. ನಲ್ಲಿ ನೀರು ಒತ್ತಡದಲ್ಲಿ ಬರುತ್ತೆ, ಅದರ ಪೈಪಿಗೆ ಏರು ಇಳಿಜಾರಿನ ಚಿಂತೆ ಇಲ್ಲ. ಬೇಸಿನ್ನಿನ ಕೊಳಕು ನೀರಿಗೆ ಸಣ್ಣ ಪೈಪ್ ಸಾಕು. ಕಮೋಡಿನದು ಮಾತ್ರ 110 ಮಿಲಿಮೀಟರಿನ ದಪ್ಪ ಪೈಪ್. ಅದರೊಳಗೆ ಹೋಗೋದು ಬರೀ ನೀರಲ್ಲ. ತನ್ನಷ್ಟಕ್ಕೆ ಹರಿದು ಹೋಗಬೇಕಾದರೆ ಸರಿಯಾದ ವಾಟ ಬೇಕು.

ಲೆಕ್ಕ ಹಾಕೋಣ. 1:40ರ ವಾಟ ಅಂದರೆ ಒಂದು ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿತ. ನಿಮ್ಮ ಮೂಲೆಯಿಂದ ಡಕ್ಟಿಗೆ ಸುಮಾರು ಆರು ಅಡಿ, ಅಂದರೆ ನಾಲ್ಕೂವರೆ ಸೆಂಟಿಮೀಟರ್ ಇಳಿಯಬೇಕು. ಪೈಪಿನ ದಪ್ಪ 11. ಅದರ ಕೆಳಗೆ ವಾಟರ್‌ಪ್ರೂಫಿಂಗ್, ಸಿಮೆಂಟ್ ಹಾಸು ಸೇರಿ ನಾಲ್ಕು. ಮೇಲೆ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ಭರ್ತಿ), ಟೈಲ್ಸ್ ಸೇರಿ ಐದು. ನೆಲದ ಕೆಳಗೆ ಒಟ್ಟು ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಆಳ ಬೇಕಾಯ್ತು. ಪೈಪ್ ನೆಲದಿಂದ ಮೇಲೆ ತಿರುಗುವ ಕಡೆ ಬೆಂಡ್ ಇನ್ನಷ್ಟು ಜಾಗ ತಿನ್ನುತ್ತೆ.

ಈಗ ಸ್ಲ್ಯಾಬ್ ಅಳೆಯಿರಿ. ಗೋಡೆಯ ಸುತ್ತ ಗೌಂಡಿ ಒಂದು ಲೆವೆಲ್ ಗೆರೆ ಎಳೆದಿರುತ್ತಾನೆ, ಸಾಮಾನ್ಯವಾಗಿ ಮುಗಿದ ನೆಲದಿಂದ ಒಂದು ಮೀಟರ್ ಎತ್ತರಕ್ಕೆ. ಎತ್ತರ ಅಷ್ಟೇನಾ ಅಂತ ಅವನನ್ನೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಗೆರೆಯಿಂದ ಬಾತ್‌ರೂಮಿನ ಬರೀ ಸ್ಲ್ಯಾಬಿನವರೆಗೆ ಟೇಪ್ ಬಿಡಿ. 130 ಸೆಂಟಿಮೀಟರ್ ಬಂದರೆ ಸ್ಲ್ಯಾಬ್ ಒಂದು ಅಡಿ ತಗ್ಗಿದೆ, ನಿಮ್ಮ ಪ್ಲಂಬರ್ ಹೇಳಿದ್ದು ಸರಿ. 120 ಬಂದರೆ ಇಂಜಿನಿಯರ್ ಗೆದ್ದರು. ಎಂಟು ಇಂಚಿನ ತಗ್ಗಿನಲ್ಲಿ ಪೈಪನ್ನು ತೂರಿಸಲು ಹೋದರೆ, ಒಂದೋ ವಾಟ ಕಡಿಮೆ ಮಾಡ್ತಾರೆ, ಇಲ್ಲವೇ ಬಾತ್‌ರೂಮಿನ ನೆಲ ಬೆಡ್‌ರೂಮಿಗಿಂತ ಮೇಲೆ ಬರುತ್ತೆ. ಎರಡನೆಯದಾದರೆ ಸ್ನಾನದ ನೀರು ನೇರ ಮಂಚದ ಕೆಳಗೆ!

ಎಷ್ಟೋ ಹೊಸ ಟವರುಗಳಲ್ಲಿ ತಗ್ಗೇ ಇರಲ್ಲ. ಪೈಪುಗಳು ಸ್ಲ್ಯಾಬಿನ ಕೆಳಗೆ, ಕೆಳಮನೆಯವರ ಫಾಲ್ಸ್ ಸೀಲಿಂಗ್ ಒಳಗೆ ತೂಗುತ್ತಿರುತ್ತವೆ. ಅಲ್ಲಿ ಕಮೋಡ್ ಸರಿಸೋದು ಅಂದರೆ ಸ್ಲ್ಯಾಬ್ ಕೊರೆದು ಇನ್ನೊಬ್ಬರ ಮನೆಗೆ ಕೈ ಹಾಕಿದ ಹಾಗೆ. ಆ ಯೋಚನೆ ಬಿಟ್ಟುಬಿಡಿ.

ಆಳ ಸಾಲದಿದ್ದರೂ ಇನ್ನೊಂದು ದಾರಿ ಇದೆ. ಕಮೋಡಿನಲ್ಲಿ ಎಸ್ ಟ್ರ್ಯಾಪ್ ಅಂದರೆ ನೆಲಕ್ಕೆ ಇಳಿಯುವುದು, ಪಿ ಟ್ರ್ಯಾಪ್ ಅಂದರೆ ಹಿಂದಿನ ಗೋಡೆಗೆ ಹೋಗುವುದು. ಪಿ ಟ್ರ್ಯಾಪಿನ ಬಾಯಿ ನೆಲದಿಂದ ಸುಮಾರು 18 ಸೆಂಟಿಮೀಟರ್ ಮೇಲಿರುತ್ತೆ. ಉದ್ದದ ಗೋಡೆಗೆ ಕಮೋಡಿನ ಬೆನ್ನು ಹಚ್ಚಿ, ಪೈಪನ್ನು ನೆಲದ ಮೇಲೇ ಆ ಗೋಡೆಗುಂಟ ಡಕ್ಟಿನವರೆಗೆ ಒಯ್ಯಬಹುದು. ಮುಂದೆ ಸೊಂಟದೆತ್ತರದ ತೆಳು ಗೋಡೆ ಕಟ್ಟಿದರೆ ಪೈಪ್ ಕಾಣಲ್ಲ, ಷವರ್ ಹತ್ತಿರ ಶಾಂಪೂ ಇಡಲು ಕಟ್ಟೆಯೂ ಆಯ್ತು. ಆರು ಇಂಚು ಅಗಲ ಹೋಗುತ್ತೆ ಅಷ್ಟೇ. ಕಮೋಡಿನ ಮುಂದೆ ಎರಡು ಅಡಿ ಖಾಲಿ ಉಳಿಯುತ್ತಾ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡಿಕೊಳ್ಳಿ.

ಆದರೂ ನನ್ನನ್ನು ಕೇಳಿದರೆ ಅಷ್ಟು ದೂರ ಒಯ್ಯಬೇಡಿ. ಕಮೋಡ್ ಡಕ್ಟಿನ ಹತ್ತಿರದ ಮೂಲೆಯಲ್ಲೇ ಇರಲಿ, ಪಕ್ಕದ ಗೋಡೆಗೆ ತಿರುಗಿಸಿ. ಎರಡು ಮೂರು ಅಡಿ ಪೈಪ್, ಎರಡು ಸೆಂಟಿಮೀಟರ್ ವಾಟ, ಮುಗೀತು. ಕಮೋಡಿನ ನಡುಭಾಗದಿಂದ ಪಕ್ಕದ ಗೋಡೆಗೆ ಒಂದೂಕಾಲು ಒಂದೂವರೆ ಅಡಿ ಬಿಡಿ, ಇಲ್ಲದಿದ್ದರೆ ಮೊಣಕೈ ತಾಗುತ್ತೆ. ಬಾಗಿಲಿನ ಎದುರಿಗೆ ಬೇಸಿನ್, ಕನ್ನಡಿ ಬರಲಿ. ಆಗ ಬೆಡ್‌ರೂಮಿನಿಂದ ಕಾಣೋದು ಕನ್ನಡಿ. ಬಾಗಿಲಿನ ಕೀಲನ್ನು ಆಚೆ ಬದಿಗೆ ಹಾಕಿಸಿದರೆ ಬಾಗಿಲೇ ಅರ್ಧ ಮರೆಮಾಡುತ್ತೆ, ಇದು ಎಲ್ಲಕ್ಕಿಂತ ಅಗ್ಗದ ರಿಪೇರಿ. ವಾಸ್ತು ಪ್ರಕಾರ ಯಾವ ಮೂಲೆ ಅಂತ ಊರಿಂದ ಫೋನ್ ಬಂದೇ ಬರುತ್ತೆ. ಡಕ್ಟ್ ತೋರಿಸಿ ಸುಮ್ನಾಗಿಸಿ.

ಗೋಡೆಯನ್ನೂ ಒಮ್ಮೆ ತಟ್ಟಿ ನೋಡಿ. ಮೈವಾನ್ ಶಟರಿಂಗಿನಲ್ಲಿ, ಅಂದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದ್ದಾದರೆ ಇಟ್ಟಿಗೆ ಇರಲ್ಲ, ಪೂರ್ತಿ ಕಾಂಕ್ರೀಟ್, ಒಳಗೆ ಕಬ್ಬಿಣ. ಅದರಲ್ಲಿ ಪೈಪಿಗಾಗಿ ಉದ್ದ ಸೀಳು ಕೊರೆಯಲು ಬಿಡಬೇಡಿ. ಪೈಪ್ ಹೊರಗೆ ಓಡಿಸಿ ಮುಂದೆ ತೆಳು ಗೋಡೆ ಕಟ್ಟುವುದೇ ಸರಿ.

ಕಮೋಡನ್ನು ಪೈಪ್ ಹಾಕುವ ಮೊದಲೇ ಖರೀದಿಸಿ. ಎಸ್ ಟ್ರ್ಯಾಪಿನಲ್ಲಿ 9 ಇಂಚು, 12 ಇಂಚು ಅಂತ ಬರುತ್ತೆ, ಅದು ಗೋಡೆಯಿಂದ ಪೈಪಿನ ನಡುವಿಗಿರುವ ದೂರ. ಟೈಲ್ಸ್ ಆದ ಮೇಲಿನ ಗೋಡೆಯಿಂದ, ಬರೀ ಇಟ್ಟಿಗೆಯಿಂದಲ್ಲ. ಪ್ಲಾಸ್ಟರ್, ಟೈಲ್ಸ್ ಸೇರಿ ಮೂರು ನಾಲ್ಕು ಸೆಂಟಿಮೀಟರ್ ತಿನ್ನುತ್ತೆ. ಇಟ್ಟಿಗೆಯಿಂದ ಒಂಬತ್ತು ಇಂಚು ಅಳೆದು ಪೈಪ್ ಕೂರಿಸಿದರೆ, ಆಮೇಲೆ ಕಮೋಡ್ ಹಿಂದಕ್ಕೆ ಹೋಗಲ್ಲ. ಆಗ ಪ್ಲಂಬರ್ ಟೈಲ್ಸ್ ಒಡೆಯೋಣವಾ ಅಂತ ನಿಮ್ಮ ಮುಖ ನೋಡ್ತಾನೆ.

ಪುಣೆಯಲ್ಲಿ ಗ್ಯಾಸ್ ಗೀಸರ್ ಡ್ರೈ ಬಾಲ್ಕನಿಯಲ್ಲಿ (ಅಡುಗೆಮನೆಗೆ ಹೊಂದಿದ ಯುಟಿಲಿಟಿ ಬಾಲ್ಕನಿ) ಇಡುವ ರೂಢಿ ಇದೆ, ಒಳ್ಳೆಯದೇ. ಬಾತ್‌ರೂಮಿನ ಒಳಗಂತೂ ಬೇಡ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತೆ. ಆದರೆ ಬಾಲ್ಕನಿ ದೂರ ಇದ್ದಷ್ಟೂ ಬಿಸಿನೀರು ಬರುವ ಮುನ್ನ ತಣ್ಣೀರು ಸುಮ್ನೆ ಹೋಗುತ್ತೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಏರಿಯಾದಲ್ಲಿ ಇದು ಸಣ್ಣ ಮಾತಲ್ಲ. ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿ, ತಣ್ಣೀರಿನ ಯುಪಿವಿಸಿ ಪೈಪ್ ತಡೆಯಲ್ಲ.

ಬದಲಾವಣೆಯನ್ನು ಬಿಲ್ಡರ್ ಕೈಯಲ್ಲೇ ಮಾಡಿಸಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯಂತೆ ಪೊಸೆಷನ್ ಸಿಕ್ಕಿ 5 ವರ್ಷದೊಳಗೆ ಕಂಡ ಕಟ್ಟಡದ ದೋಷ, ಕಳಪೆ ಕೆಲಸವನ್ನು ಅವರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ನೀವು ಬೇರೆ ಪ್ಲಂಬರ್ ಕರೆಸಿ ನೆಲ ಒಡೆದರೆ, ನಾಳೆ ಸೋರಿಕೆ ಬಂದಾಗ ಅದು ನಿಮ್ಮ ಕೆಲಸ ಅಂತ ಕೈತೊಳೆದುಕೊಳ್ಳೋದು ಸುಲಭ. ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪಿನ ಬಾಯಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ. ಅಷ್ಟರಲ್ಲಿ ಕೆಳಮನೆಯ ಸೀಲಿಂಗ್ ಒಣಗಿಯೇ ಇದ್ದರೆ ಮಾತ್ರ ಕೋಬಾ ಹಾಕಲು ಹೇಳಿ.