ಪಾಚಿಗೆ ಔಷಧಿ ಕೇಳುವ ಮುಂಚೆ ಕ್ಯಾನ್ ನೀರು ನೋಡಿ

ಬಂಗಾರಪೇಟೆಯ ಒಂದು ಮನೆಯಿಂದ ಹೋದ ಬೇಸಿಗೆಯಲ್ಲಿ ಫೋನ್ ಬಂತು. "ಸಾರ್, ಟ್ಯಾಂಕಿನ ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದಂಗಿದೆ. ನಿನ್ನೆ ಒರೆಸಿದೆ, ಇವತ್ತು ಮತ್ತೆ ಬಂದಿದೆ. ಏನಾದ್ರೂ ಔಷಧಿ ಇದೆಯಾ?"

200 ಲೀಟರಿನ ಉಪ್ಪುನೀರಿನ ಟ್ಯಾಂಕು. ಹವಳ ಬೆಳೆಸಬೇಕು ಅಂತ ಆಸೆಪಟ್ಟು ಇಡಿಸಿದ್ದರು. ನಾನೇ ಕೂರಿಸಿಕೊಟ್ಟು ಐದು ವಾರ ಆಗಿತ್ತು. ಔಷಧಿ ಬೇಡ, ಬರ್ತೀನಿ ಇರಿ ಅಂದೆ.

ಹೋದಾಗ ಮೊದಲು ಕೈ ಹಾಕಿ ಒಂದು ಕಲ್ಲನ್ನು ಬೆರಳಿನಿಂದ ಉಜ್ಜಿದೆ. ಕಂದು ಬಣ್ಣ ಧೂಳಿನಂತೆ ಎದ್ದು ಹೋಯಿತು. ಅದು ಡಯಾಟಮ್, ಕಣ್ಣಿಗೆ ಕಾಣದಷ್ಟು ಸಣ್ಣ ಕಂದು ಪಾಚಿ. ಹೊಸ ಟ್ಯಾಂಕಿಗೆ ಎರಡನೇ ವಾರದಿಂದ ಎರಡು ತಿಂಗಳೊಳಗೆ ಬರುವ ಮೊದಲ ನೆಂಟ. ತನ್ನ ಚಿಪ್ಪು ಕಟ್ಟಿಕೊಳ್ಳಲು ಅದಕ್ಕೆ ಸಿಲಿಕಾ, ಅಂದರೆ ಮರಳು-ಬಂಡೆಯಲ್ಲಿರುವ ಅಂಶ ಬೇಕು. ನೀರಿನಲ್ಲಿರುವ ಸಿಲಿಕಾ ಮುಗಿದರೆ ತಾನಾಗಿಯೇ ಹೋಗುತ್ತದೆ. ಆದರೆ ಇಲ್ಲಿ ಮುಗಿಯುತ್ತಿರಲಿಲ್ಲ. ಯಾರೋ ದಿನಾ ಹಾಕುತ್ತಿದ್ದರು, ಅಲ್ವಾ?

"ಯಾವ ನೀರು ಹಾಕ್ತಿದೀರಿ?"

"ಆರ್‌ಓ ನೀರೇ ಸಾರ್. ಘಟಕದಿಂದ ಕ್ಯಾನ್ ತರ್ತೀನಿ."

ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಜೇಬಿನಲ್ಲಿತ್ತು, ಆ ಕ್ಯಾನಿಗೆ ಅದ್ದಿದೆ. ಲೀಟರಿಗೆ 84 ಮಿಲಿಗ್ರಾಂ ತೋರಿಸಿತು. ಅವರ ಮುಖ ಸಪ್ಪಗಾಯಿತು. ಅವರ ತಪ್ಪೇನೂ ಇಲ್ಲ. ಕುಡಿಯುವ ನೀರಿನ ಘಟಕದವರು ರುಚಿ ಬರಲಿ ಅಂತ ಸ್ವಲ್ಪ ಬೋರ್ ನೀರನ್ನು ವಾಪಸ್ ಬೆರೆಸುವುದುಂಟು. ಮನೆಯ ಫಿಲ್ಟರುಗಳಲ್ಲೂ ಅದಕ್ಕೆಂದೇ ಒಂದು ತಿರುಪು ಇರುತ್ತದೆ. ಕುಡಿಯಲು 84 ಚೆನ್ನಾಗಿಯೇ ಇದೆ. ಹವಳದ ಟ್ಯಾಂಕಿಗೆ ಮಾತ್ರ ಸೊನ್ನೆ ಬೇಕು.

ನಮ್ಮ ಕಡೆಯ ಬೋರ್‌ವೆಲ್ ನೀರು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಗಟ್ಟಿ ಬಂಡೆಯ ಬಿರುಕಿನಿಂದ ಆಳಕ್ಕೆ ಇಳಿದು ಬರುವ ನೀರು, ಸಿಲಿಕಾ ಬಂಡೆಯಿಂದಲೇ ಕರಗಿ ಬರುತ್ತದೆ. ಗೊಬ್ಬರ ಹಾಕುವ ಹೊಲ, ಕೊಟ್ಟಿಗೆ, ಗುಂಡಿಗಳಿರುವ ಕಡೆ ನೈಟ್ರೇಟ್ ಕೂಡ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಹವಳದ ಟ್ಯಾಂಕಿನಲ್ಲಿ ನಾನು ಅದನ್ನು 5ರಿಂದ 10ರೊಳಗೆ ಇಡಲು ಒದ್ದಾಡುತ್ತೇನೆ. ಅಂದರೆ ಮನುಷ್ಯನಿಗೆ ಪಾಸಾದ ನೀರು ಟ್ಯಾಂಕಿಗೆ ಫೇಲ್.

ಇನ್ನೊಂದು ಲೆಕ್ಕ ಇದೆ, ಅದನ್ನು ಯಾರೂ ಹಾಕುವುದಿಲ್ಲ. ಏಪ್ರಿಲ್ ಬಿಸಿಲಿಗೆ, ಮೇಲೆ ಫ್ಯಾನ್ ಬೇರೆ ಓಡುತ್ತಿದ್ದರೆ, ಇಂಥ ಟ್ಯಾಂಕಿನಿಂದ ದಿನಕ್ಕೆ ಸುಮಾರು 3 ಲೀಟರ್ ಆವಿಯಾಗುತ್ತದೆ. ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಸಿಹಿನೀರನ್ನೇ ತುಂಬಬೇಕು, ಅದು ಸರಿ. ಆದರೆ ತುಂಬುವ ನೀರಿನಲ್ಲಿ 84 ಇದ್ದರೆ ತಿಂಗಳಿಗೆ 90 ಲೀಟರಿನಲ್ಲಿ ಏಳೂವರೆ ಗ್ರಾಂ ಕಸ ಒಳಗೆ ಸೇರಿತು. ಕುದ್ದು ಕುದ್ದು ಗಟ್ಟಿಯಾಗುವ ಸಾರಿನ ಹಾಗೆ. ವಾರಕ್ಕೆ 20 ಲೀಟರ್ ನೀರು ಬದಲಿಸುವುದೂ ಅದೇ ಕ್ಯಾನಿನಿಂದ!

ಕ್ಯಾನ್ ಬಿಡಿಸಿ ಮನೆಯಲ್ಲೇ ಆರ್‌ಓ, ಅದರ ಜೊತೆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಕೂರಿಸಿಕೊಟ್ಟೆ. ಮೀಟರ್ ಸೊನ್ನೆಗೆ ಬಂತು. ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ಹೊರಗೆ ಹೋಗುತ್ತದೆ. ಅದನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಬಚ್ಚಲಿಗೆ ಬಳಸಿ. ನಮ್ಮ ಜಿಲ್ಲೆಯಲ್ಲಿ ನೀರನ್ನು ಚರಂಡಿಗೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೂರು ವಾರಕ್ಕೆ ಕಂದು ಕಡಿಮೆಯಾಯಿತು. ಅಷ್ಟರಲ್ಲಿ ಹಸಿರು ಶುರುವಾಯಿತು. ಈ ಸಲ ಬೆರಳಿನಿಂದ ಉಜ್ಜಿದರೆ ಬರಲಿಲ್ಲ, ಹಿಡಿದು ಕೀಳಬೇಕಾಯಿತು. ಕೂದಲು ಪಾಚಿ. ಇದು ನೈಟ್ರೇಟ್, ಫಾಸ್ಫೇಟ್ ತಿಂದು ಬೆಳೆಯುತ್ತದೆ. ಮನೆಯವರು ನೀರು ಪರೀಕ್ಷಿಸುವ ಕಿಟ್ ತಂದು ನೋಡಿದರೆ ಫಾಸ್ಫೇಟ್ ಸೊನ್ನೆ. "ಊಟ ಇಲ್ಲದೇ ಹೇಗೆ ಬೆಳೀತಿದೆ?" ಅಂತ ಕೇಳಿದರು. ಊಟ ಮುಗಿಸಿ ಕೈ ತೊಳೆದ ಮೇಲೆ ಎಲೆ ನೋಡಿದರೆ ಖಾಲಿಯೇ ಇರುತ್ತದಲ್ಲ! ನೀರಿಗೆ ಬಂದಿದ್ದನ್ನೆಲ್ಲ ಪಾಚಿ ಆಗಲೇ ಎಳೆದುಕೊಂಡಿರುತ್ತದೆ.

ಹಾಗಾದರೆ ಊಟ ಎಲ್ಲಿಂದ? ನಾನು ಅಲ್ಲಿ ಅರ್ಧ ಗಂಟೆ ಕೂತಿದ್ದೆ. ಆ ಹೊತ್ತಿನಲ್ಲಿ ಮನೆಯ ಅಜ್ಜಿ ಅಡುಗೆಮನೆಗೆ ಎರಡು ಸಲ ಹೋಗಿ ಬಂದರು. ಎರಡು ಸಲವೂ ಡಬ್ಬಿ ತೆರೆದು ಒಂದು ಚಿಟಿಕೆ ಹಾಕಿದರು. ಟ್ಯಾಂಕಿನಲ್ಲಿರುವುದು ಎರಡೇ ಕ್ಲೌನ್ ಮೀನು.

"ಏನಜ್ಜಿ, ದಿನಕ್ಕೆ ಎಷ್ಟು ಸಲ ಹಾಕ್ತೀರಿ?"

"ನೋಡಪ್ಪ, ನಾನು ಹೋದಾಗೆಲ್ಲ ಬಾಯಿ ಬಿಟ್ಕೊಂಡು ಬರ್ತವೆ. ಪಾಪ, ಹೆಂಗಪ್ಪ ಸುಮ್ನೆ ಹೋಗೋದು?"

ಅಜ್ಜಿಗೆ ಬೈಯಲು ಆಗುತ್ತದೆಯೇ? ಬೆಳಿಗ್ಗೆ ಒಂದು, ಸಂಜೆ ಒಂದು ಚಿಟಿಕೆ ಪೊಟ್ಟಣ ಕಟ್ಟಿ ಅವರ ಕೈಗೇ ಕೊಟ್ಟೆವು. ಹಾಕುವ ಅಧಿಕಾರ ಅವರದ್ದೇ, ಅಳತೆ ನಮ್ಮದು. ಹೆಪ್ಪುಗಟ್ಟಿಸಿದ ಸಿಗಡಿ ಹಾಕುವವರು ಕರಗಿಸಿದ ನೀರನ್ನು ಸೋಸಿ ಚೆಲ್ಲಿ, ಅದನ್ನೂ ಟ್ಯಾಂಕಿಗೆ ಸುರಿಯಬೇಡಿ.

ಕೂದಲನ್ನು ಕೈಯಿಂದ ಕಿತ್ತೇ ತೆಗೆಯಬೇಕು, ಬೇರೆ ದಾರಿ ಇಲ್ಲ. ನನ್ನ ಬಳಿ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸಣ್ಣ ಪೈಪು ಕಟ್ಟಿದ ಸಾಧನ ಇದೆ. ಉಜ್ಜುತ್ತಿದ್ದ ಹಾಗೇ ಕಸ ಬಕೆಟ್ಟಿಗೆ ಹೋಗುತ್ತದೆ. ಬರೀ ಉಜ್ಜಿ ಬಿಟ್ಟರೆ ತುಂಡುಗಳು ಹಾರಿ ಇನ್ನೊಂದು ಕಲ್ಲಿನಲ್ಲಿ ಕೂರುತ್ತವೆ. ಆಮೇಲೆ ಟ್ರೋಕಸ್ ಬಸವನಹುಳು ನಾಲ್ಕೈದು ಬಿಡಿ. ಟರ್ಬೋ ಕೂಡ ಚೆನ್ನಾಗಿ ಮೇಯುತ್ತದೆ, ಆದರೆ ಮಗುಚಿ ಬಿದ್ದರೆ ಏಳಲಾರದೆ ಸಾಯುವುದೂ ಉಂಟು. ಉದ್ದ ಕೂದಲನ್ನು ಇವು ಮುಟ್ಟುವುದಿಲ್ಲ, ಕಿತ್ತ ಮೇಲಿನ ಚಿಗುರನ್ನು ಮೇಯುತ್ತವೆ. ತಾಮ್ರ ಇರುವ ಮೀನಿನ ಔಷಧಿ ಹಾಕಿದ ಟ್ಯಾಂಕಿಗೆ ಇವನ್ನು ಬಿಡಲೇಬೇಡಿ. ಲೈಟು ಎಂಟು ಗಂಟೆ ಸಾಕು.

ಕೆಂಪು ಬಣ್ಣದಲ್ಲಿ, ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಏಳುವುದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಪೈಪಿನಿಂದ ಎಳೆದು ಹಾಕಿ, ಆ ಮೂಲೆಗೆ ನೀರಿನ ಓಟ ಜಾಸ್ತಿ ಮಾಡಿ.

ನಿಜಕ್ಕೂ ಹೆದರಬೇಕಾದ್ದು ಡೈನೋಗೆ, ಅಂದರೆ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗೆ. ಅದನ್ನು ನನ್ನ ಟ್ಯಾಂಕಿಗೆ ನಾನೇ ಕರೆಸಿಕೊಂಡೆ. ಕೆಲಸ ಕಲಿಯುತ್ತಿದ್ದ ದಿನಗಳು. ಕೂದಲು ಪಾಚಿಯ ಮೇಲೆ ಸಿಟ್ಟು ಬಂದು ಫಾಸ್ಫೇಟ್ ಹೀರುವ ಪುಡಿಯನ್ನು ಎರಡರಷ್ಟು ಹಾಕಿದೆ, ವಾರಕ್ಕೆರಡು ಸಲ ನೀರು ಬದಲಿಸಿದೆ. ಪಾಚಿ ಹೋಯಿತು. ಮೀಸೆ ತಿರುವಿಕೊಂಡೆ. ಹತ್ತು ದಿನಕ್ಕೆ ಕಲ್ಲುಗಳಿಂದ ಕಂದು ಸಿಂಬಳದಂಥ ಎಳೆಗಳು ಜೋತು ಬಿದ್ದವು. ಒಂದೊಂದು ಎಳೆಯ ತುದಿಗೂ ಒಂದು ಗಾಳಿಗುಳ್ಳೆ. ಬೆಳಿಗ್ಗೆ ಕಡಿಮೆ, ಸಂಜೆ ಹೊತ್ತಿಗೆ ಮತ್ತೆ ಹಾಜರ್. ಡಯಾಟಮ್ ಇರಬೇಕು ಅಂತ ಸುಮ್ಮನಿದ್ದೆ. ಬಸವನಹುಳುಗಳು ಒಂದೊಂದಾಗಿ ಸತ್ತವು. ಕೆಲವು ಡೈನೋಗಳಲ್ಲಿ ವಿಷ ಇರುತ್ತದೆ ಅಂತ ಆಗ ತಿಳಿಯಿತು. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದರೆ ಮಿಕ್ಕವೆಲ್ಲ ಉಪವಾಸ ಬಿದ್ದು, ಖಾಲಿ ಜಾಗ ಡೈನೋಗೆ ಸಿಗುತ್ತದೆ.

ಗುರುತಿಸಲು ಒಂದು ಉಪಾಯ. ಆ ಸಿಂಬಳವನ್ನು ಟ್ಯಾಂಕಿನ ನೀರಿನ ಜೊತೆ ಸಣ್ಣ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ. ಟಿಶ್ಯೂ ಪೇಪರಿನಲ್ಲಿ ಸೋಸಿ ಬೆಳಕಿಗಿಡಿ. ತಿಳಿಯಾದ ನೀರಿನಲ್ಲಿ ಗಂಟೆಯೊಳಗೆ ಮತ್ತೆ ಎಳೆ ಕಟ್ಟಿಕೊಂಡರೆ ಅದು ಬಹುತೇಕ ಡೈನೋ. ಆಗ ನೀರು ಬದಲಿಸುವುದನ್ನು ನಿಲ್ಲಿಸಿ, ಪುಡಿ ತೆಗೆದು ಹಾಕಿ. ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ, ಫಾಸ್ಫೇಟನ್ನು ಲೀಟರಿಗೆ 0.05ರಿಂದ 0.1 ಮಿಲಿಗ್ರಾಂ ಆಸುಪಾಸಿಗೆ ತನ್ನಿ. ನನ್ನ ಟ್ಯಾಂಕು ಸುಧಾರಿಸಲು ಮೂರು ತಿಂಗಳು ಹಿಡಿಯಿತು.

ಬಂಗಾರಪೇಟೆಯವರು ಮೊನ್ನೆ ಮತ್ತೆ ಕರೆದರು. ಹಿಂದಿನ ಗಾಜಿನ ಮೇಲೆ ಸಾಸಿವೆ ಗಾತ್ರದ ಗುಲಾಬಿ ಚುಕ್ಕೆಗಳು ಬಂದಿವೆ, ಬ್ಲೇಡಿನಿಂದ ಕೆರೆಯುತ್ತಿದ್ದೇನೆ, ಎಷ್ಟು ಗಟ್ಟಿ ಅಂತೀರಿ ಎಂದರು. ಅದು ಕೊರಲೈನ್, ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುವ ಒಳ್ಳೆಯ ಪಾಚಿ. ಬ್ಲೇಡು ಕೆಳಗಿಡಿ ಸ್ವಾಮಿ, ಅದು ಬರಲಿ ಅಂತಲೇ ಇಷ್ಟು ದಿನ ಕಾದಿದ್ದು ಅಂದೆ.